ಗೇರುಗುಡ್ಡೆಯಿಂದ ಜಿನೀವಾದವರೆಗೆ

ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಹೊರಟವರಿಗೆ ಕೊಯಿಲ, ಆಲಂಕಾರು, ಪೆರಾಬೆ, ಕುಂತೂರು ಮೊದಲಾದ ಗ್ರಾಮಗಳು ಒಂದರ ಮಗ್ಗುಲಲ್ಲಿ ಒಂದು ಎದುರಾಗುತ್ತವೆ. ಹಿಂದೆ ಪುತ್ತೂರು ತಾಲ್ಲೂಕಿಗೆ ಸೇರಿದ್ದ ಈ ಊರುಗಳು ಈಗ ಕಡಬ ತಾಲ್ಲೂಕಿನಲ್ಲಿವೆ. ತಗ್ಗಿನಲ್ಲಿ ಅಡಕೆ ತೋಟ, ತೋಟದ ಬದಿಯಲ್ಲಿ ಹರಿಯುವ ತೋಡು, ಅದರ ಮೇಲೆ ಮುರಕಲ್ಲಿನ ಗುಡ್ಡೆ, ಗುಡ್ಡೆಯ ಮೈಮೇಲೆ ಗೇರುಮರ. ಈ ಸೀಮೆಯ ಯಾವ ಗ್ರಾಮವನ್ನು ನೋಡಿದರೂ ನೆಲದ ಜೋಡಣೆ ಹೆಚ್ಚು ಕಡಿಮೆ ಇದೇ. ಮೇಲಿನ ಗುಡ್ಡೆಯಲ್ಲಿ ಬಿದ್ದ ಮಳೆ ಕೆಳಗಿನ ಬಾವಿಗೆ ಬರುತ್ತದೆ. ಬಾವಿಯ ನೀರು ಮನೆಗೆ ಬರುತ್ತದೆ. ಇದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಇಷ್ಟು ಸರಳವಾದ ಸಂಗತಿಯನ್ನು ಇಪ್ಪತ್ತು ವರ್ಷಗಳ ಕಾಲ ಮರೆತುದರಿಂದ ಸಾವಿರಾರು ಮನೆಗಳಲ್ಲಿ ದುಃಖ ಬೀಡುಬಿಟ್ಟಿತು. ಅದನ್ನು ನಿಲ್ಲಿಸುವುದಕ್ಕೆ ಊರಿನ ವೈದ್ಯರೊಬ್ಬರ ದಿನಚರಿಯಿಂದ ಹಿಡಿದು ಜಿನೀವಾ ನಗರದ ವಿಶ್ವಸಮ್ಮೇಳನದವರೆಗೆ ಹಲವು ಕೈಗಳು ಕೂಡಬೇಕಾಯಿತು.

ಗೇರು ಈ ನೆಲದ ಮೂಲನಿವಾಸಿಯಲ್ಲ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದ ಈ ಮರ ಕರಾವಳಿಯ ಮುರಕಲ್ಲಿನಲ್ಲಿ ಬೇರೂರಿ, ಬಡವನ ಹಿತ್ತಿಲಿಗೂ ನಾಲ್ಕು ಕಾಸು ತಂದುಕೊಡುವ ನಂಟನಾಯಿತು. ನೀರು ಬೇಡ, ಗೊಬ್ಬರ ಬೇಡ. ಬೇಸಗೆಯಲ್ಲಿ ಮಕ್ಕಳು ಹಣ್ಣು ತಿಂದು, ಬೀಜ ಹೆಕ್ಕಿ ಅಂಗಡಿಗೆ ಕೊಟ್ಟರೆ ಶಾಲೆಯ ಪುಸ್ತಕಕ್ಕೆ ಹಣವಾಗುತ್ತಿತ್ತು. ಮುಂದೆ ಗೇರುಬೀಜದ ತಿರುಳಿಗೆ ಪರದೇಶಗಳಲ್ಲಿ ಬೆಲೆ ಬಂದಾಗ ಸರಕಾರಗಳೂ ಗೇರುಕೃಷಿಗೆ ಕೈಹಾಕಿದವು. ಗಡಿಯ ಆಚೆ ಕಾಸರಗೋಡು ಜಿಲ್ಲೆಯಲ್ಲಿ ಕೇರಳದ ತೋಟಗಾರಿಕಾ ನಿಗಮ, ಈಚೆ ದಕ್ಷಿಣ ಕನ್ನಡದಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಸಾವಿರಾರು ಎಕರೆ ಗುಡ್ಡೆಗಳಲ್ಲಿ ಗೇರುತೋಪುಗಳನ್ನು ಬೆಳೆಸಿದವು.

ಗೇರಿಗೆ ಒಂದು ಶತ್ರುವಿದೆ. ಟೀ ಸೊಳ್ಳೆ ಎಂದು ಅದರ ಹೆಸರು. ಹೆಸರಿನಲ್ಲಿ ಸೊಳ್ಳೆಯಿದ್ದರೂ ಅದು ಸೊಳ್ಳೆಯ ಜಾತಿಗೆ ಸೇರಿದ್ದಲ್ಲ. ತಿಗಣೆಯ ದೂರದ ಸಂಬಂಧಿ. ಎಳೆ ಚಿಗುರಿನ, ಹೂಗೊಂಚಲಿನ ರಸವನ್ನು ಹೀರುತ್ತದೆ. ಅದು ಚುಚ್ಚಿದ ಚಿಗುರು ಬೆಂಕಿ ತಗುಲಿದಂತೆ ಕರಕಾಗಿ ಒಣಗುತ್ತದೆ. ಹಿತ್ತಿಲಿನ ಒಂದೆರಡು ಮರಗಳಾದರೆ ಚಿಂತೆಯಿಲ್ಲ. ಗುಡ್ಡೆಗುಡ್ಡೆಗಳನ್ನೇ ತುಂಬಿದ ಒಂದೇ ಜಾತಿಯ ಮರಗಳಾದರೆ ಕೀಟಕ್ಕೆ ಅದು ಹಬ್ಬದೂಟ. ಇದಕ್ಕೆ ನಿಗಮಗಳು ಕಂಡುಕೊಂಡ ಉಪಾಯ ಎಂಡೋಸಲ್ಫಾನ್ ಎಂಬ ಕೀಟನಾಶಕ. ಮರಮರಕ್ಕೂ ಆಳುಗಳು ಸಿಂಪಡಿಸುವುದು ನಿಧಾನವೆಂದು ಹೆಲಿಕಾಪ್ಟರ್ ಬಂದಿತು. ಕಾಸರಗೋಡಿನ ಗುಡ್ಡೆಗಳ ಮೇಲೆ 1970ರ ದಶಕದ ಉತ್ತರಾರ್ಧದಿಂದ, ದಕ್ಷಿಣ ಕನ್ನಡದಲ್ಲಿ 1980ರ ಸುಮಾರಿನಿಂದ, 2000ದ ಇಸವಿಯ ತನಕ ವರ್ಷವರ್ಷವೂ ಆಕಾಶದಿಂದ ಈ ದ್ರವ ಸುರಿಯಿತು.

ಹೆಲಿಕಾಪ್ಟರ್ ಬರುವ ದಿನ ಮಕ್ಕಳಿಗೆ ಸಂಭ್ರಮವೋ ಸಂಭ್ರಮ. ವಿಮಾನವನ್ನು ಹತ್ತಿರದಿಂದ ಕಂಡರಿಯದ ಹಳ್ಳಿಯ ಮಕ್ಕಳು ಅಂಗಳಕ್ಕೆ ಓಡಿಬಂದು, ಮುಖವೆತ್ತಿ ನೋಡುತ್ತಿದ್ದರು. ಸಿಂಪಡಿಸುವ ಮೊದಲು ಊರವರಿಗೆ ತಿಳಿಸಬೇಕು, ನೀರಿನ ಆಸರೆಗಳನ್ನು ಮುಚ್ಚಬೇಕು ಎಂಬ ನಿಯಮಗಳಿದ್ದುದೇನೋ ನಿಜ. ಬಾವಿಯ ಬಾಯಿಗೆ ಗೋಣಿ ಹೊದಿಸಬಹುದು, ಮಡಲು ಹಾಸಬಹುದು. ಹರಿಯುವ ತೋಡನ್ನು ಮುಚ್ಚುವುದು ಹೇಗೆ? ಕಾಸರಗೋಡಿನ ಪಡ್ರೆಯಂಥ ಊರುಗಳಲ್ಲಿ ಕುಡಿಯುವ ನೀರು ಬರುವುದೇ ಗುಡ್ಡೆಯ ಹೊಟ್ಟೆಯನ್ನು ಅಡ್ಡಲಾಗಿ ಕೊರೆದು ಮಾಡಿದ ಸುರಂಗಗಳಿಂದ. ಗುಡ್ಡೆಯ ತಲೆಯ ಮೇಲೆ ವಿಷ ಸುರಿದ ಬಳಿಕ ಸುರಂಗದ ಬಾಯಿಯನ್ನು ಮುಚ್ಚಿ ಫಲವೇನು? ನಿಯಮ ಬರೆದವರು ಬಯಲುಸೀಮೆಯ ಸಪಾಟು ಹೊಲಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಏನೋ!

ಎಂಡೋಸಲ್ಫಾನ್ ನರಗಳ ಮೇಲೆ ಕೆಲಸ ಮಾಡುವ ವಿಷ. ಕೀಟದ ನರಗಳನ್ನು ಕೆರಳಿಸಿ ಕೊಲ್ಲುವ ಗುಣವೇ ಅದರ ಶಕ್ತಿ. ಮನುಷ್ಯನ ನರವೂ ಮೂಲದಲ್ಲಿ ಬೇರೆಯ ವಸ್ತುವಿನಿಂದ ಆದುದಲ್ಲ. ಸಿಂಪಡಿಸಿದ ದ್ರವ ಕೆಲವು ದಿನಗಳಲ್ಲಿ ರೂಪ ಬದಲಿಸಿ ಎಂಡೋಸಲ್ಫಾನ್ ಸಲ್ಫೇಟ್ ಎಂಬ ಇನ್ನೊಂದು ವಸ್ತುವಾಗುತ್ತದೆ; ಅದು ಮೂಲದಷ್ಟೇ ವಿಷವುಳ್ಳದ್ದು, ಮಣ್ಣಿನಲ್ಲಿ ಮೂಲಕ್ಕಿಂತಲೂ ಹೆಚ್ಚು ಕಾಲ ಉಳಿಯುವಂಥದ್ದು. ಮಕ್ಕಳಿಗೆ ಇದರ ಅಪಾಯ ಹಿರಿಯರಿಗಿಂತ ಹೆಚ್ಚು. ದೇಹದ ತೂಕಕ್ಕೆ ಹೋಲಿಸಿ ನೋಡಿದರೆ ಮಗು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತದೆ, ಹೆಚ್ಚು ನೀರು ಕುಡಿಯುತ್ತದೆ. ಮಣ್ಣಿನಲ್ಲಿ ಆಡಿದ ಕೈಯನ್ನು ಬಾಯಿಗೆ ಇಡುತ್ತದೆ. ಮಿದುಳು, ನರಮಂಡಲಗಳು ಇನ್ನೂ ಕಟ್ಟಿಕೊಳ್ಳುತ್ತಿರುವ ಕಾಲವದು. ಇವೆಲ್ಲಕ್ಕಿಂತ ಕಠೋರವಾದುದೆಂದರೆ, ಮಗು ಹುಟ್ಟುವ ಮೊದಲೇ ತಾಯಿಯ ರಕ್ತದ ಮೂಲಕ, ಹುಟ್ಟಿದ ಮೇಲೆ ಎದೆಹಾಲಿನ ಮೂಲಕ ಈ ವಿಷ ಅದನ್ನು ಸೇರಬಲ್ಲುದು.

ಅಪಾಯವನ್ನು ಮೊದಲು ಗುರುತಿಸಿದವರು ಪ್ರಯೋಗಾಲಯದ ವಿಜ್ಞಾನಿಗಳಲ್ಲ, ಊರಿನವರೇ. 1979ರ ಸುಮಾರಿಗೆ ಪಡ್ರೆಯ ಪರಿಸರದಲ್ಲಿ ಗೇರುತೋಪಿನ ಹತ್ತಿರದ ರೈತರೊಬ್ಬರ ಕೊಟ್ಟಿಗೆಯಲ್ಲಿ ಕರುಗಳು ವಿಕಲಾಂಗವಾಗಿ ಹುಟ್ಟಿದವು. ಕೃಷಿಕರೂ ಪತ್ರಕರ್ತರೂ ಆದ ಶ್ರೀ ಪಡ್ರೆಯವರು ಅದನ್ನು ಕಂಡು ಪತ್ರಿಕೆಗೆ ಬರೆದರು. ಕರುವಿನ ಸುದ್ದಿಯನ್ನು ಯಾರೂ ಹೆಚ್ಚು ಹಚ್ಚಿಕೊಳ್ಳಲಿಲ್ಲ. ಆ ಬಳಿಕ ಅದೇ ಊರಿನಲ್ಲಿ ಚಿಕಿತ್ಸೆ ನೀಡುತ್ತಿದ್ದ ಡಾಕ್ಟರ್ ವೈ. ಎಸ್. ಮೋಹನ ಕುಮಾರರಿಗೆ ಒಂದು ಸಂಗತಿ ಕಾಡತೊಡಗಿತು. ತೋಡಿನ ಇಕ್ಕೆಲದ ಮನೆಗಳಲ್ಲಿ ಮೂರ್ಛೆರೋಗ, ಬುದ್ಧಿಮಾಂದ್ಯ, ಕೈಕಾಲುಗಳ ಊನ, ಕ್ಯಾನ್ಸರ್ ಇವೆಲ್ಲ ಇಷ್ಟೊಂದು ಒತ್ತೊತ್ತಾಗಿ ಏಕೆ ಕಾಣಿಸುತ್ತಿವೆ? ಮನೆಮನೆಯ ರೋಗಿಗಳ ವಿವರಗಳನ್ನು ಅವರು ಬರೆದಿಟ್ಟುಕೊಳ್ಳುತ್ತ ಹೋದರು. ಒಬ್ಬ ಹಳ್ಳಿಯ ವೈದ್ಯನ ಈ ಬರವಣಿಗೆ ಮುಂದೆ ದೊಡ್ಡ ದೊಡ್ಡ ಸಮಿತಿಗಳು ಓದಬೇಕಾದ ಕಾಗದವಾಯಿತು. ತೆಂಕಣ ಭಾಗದ ಪೆರಿಯದಲ್ಲಿ ಕೃಷಿ ಇಲಾಖೆಯ ಉದ್ಯೋಗಿಯಾಗಿದ್ದ ಲೀಲಾಕುಮಾರಿ ಅಮ್ಮನವರು ಸಿಂಪಡಣೆಯನ್ನು ನಿಲ್ಲಿಸಬೇಕೆಂದು ನ್ಯಾಯಾಲಯದ ಮೆಟ್ಟಿಲೇರಿದರು. 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಿಂದ ತಡೆಯಾಜ್ಞೆ ದೊರೆಯಿತು. ತಾನು ದುಡಿಯುವ ಇಲಾಖೆಯೇ ಒಪ್ಪಿದ ಪದ್ಧತಿಯನ್ನು ಪ್ರಶ್ನಿಸಲು ಎಂಥ ಧೈರ್ಯ ಬೇಕೆಂಬುದನ್ನು ಉದ್ಯೋಗದಲ್ಲಿರುವವರೇ ಬಲ್ಲರು.

ಸಂದೇಹ ಬೇರೆ, ಪ್ರಮಾಣ ಬೇರೆ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯ ನೀರು, ಮಣ್ಣು, ಜನರ ರಕ್ತ, ತಾಯಿಯ ಹಾಲುಗಳನ್ನು ಪರೀಕ್ಷಿಸಿ ಎಂಡೋಸಲ್ಫಾನಿನ ಅಂಶವಿದೆಯೆಂದು ಪ್ರಕಟಿಸಿತು. ಬೇರೆ ಕೆಲವರು ಮಾಡಿಸಿದ ಪರೀಕ್ಷೆಗಳು ಹಾಗೇನೂ ಇಲ್ಲವೆಂದವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ವಿಷಯವನ್ನು ಕೈಗೆತ್ತಿಕೊಂಡ ಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಊರಿಗೆ ಬಂದರು. ಸಿಂಪಡಣೆಯಾದ ಕಡೆಯ 117 ಶಾಲಾ ಬಾಲಕರನ್ನೂ ಸಿಂಪಡಣೆಯಿಲ್ಲದ ಕಡೆಯ 90 ಬಾಲಕರನ್ನೂ ಪರೀಕ್ಷಿಸಿ ಹೋಲಿಸಿದರು. ಹತ್ತರಿಂದ ಹತ್ತೊಂಬತ್ತು ವರ್ಷದೊಳಗಿನ ಹುಡುಗರು ಅವರು. ಸಿಂಪಡಣೆಯ ಊರಿನ ಬಾಲಕರ ದೈಹಿಕ ಬೆಳವಣಿಗೆ ತಡವಾಗುತ್ತಿರುವುದರ ಸೂಚನೆಗಳು ಕಂಡುಬಂದವು. 2003ರಲ್ಲಿ ಆ ವರದಿ ಅಂತಾರಾಷ್ಟ್ರೀಯ ವಿಜ್ಞಾನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆಗಲೂ ಎಲ್ಲ ತಜ್ಞರ ಅಭಿಪ್ರಾಯ ಒಂದಾಗಲಿಲ್ಲ. ಇಂತಿಂಥ ಮಗುವಿನ ಇಂತಿಂಥ ರೋಗಕ್ಕೆ ಇದೇ ಕಾರಣವೆಂದು ಬೊಟ್ಟುಮಾಡಿ ತೋರಿಸುವುದು ವಿಜ್ಞಾನಕ್ಕೆ ಸುಲಭದ ಕೆಲಸವಲ್ಲ. ವಾದವಿವಾದ ಬಹುಕಾಲ ನಡೆಯಿತು.

ಈ ಗುಡ್ಡೆಗಳಿಂದ ಬಹುದೂರದಲ್ಲಿ ಇನ್ನೊಂದು ಕೆಲಸ ಇದಕ್ಕಿಂತ ಬಹಳ ಹಿಂದಿನಿಂದಲೇ ಸಾಗಿತ್ತು. ಮಕ್ಕಳಿಗೂ ಹಕ್ಕುಗಳಿವೆ, ಅವುಗಳ ರಕ್ಷಣೆ ಒಂದೊಂದು ದೇಶದ ಮನೆವಾರ್ತೆ ಮಾತ್ರವಲ್ಲ, ಜಗತ್ತಿನ ಎಲ್ಲ ದೇಶಗಳ ಕೂಡುಹೊಣೆ ಎಂಬ ತಿಳಿವಳಿಕೆ ಮೊದಲನೆಯ ಮಹಾಯುದ್ಧದ ಬೂದಿಯಿಂದ ಎದ್ದು ಬಂದದ್ದು. ಯುದ್ಧದ ಬಳಿಕ ಹಸಿವಿನಿಂದ ಸಾಯುತ್ತಿದ್ದ ಶತ್ರುದೇಶದ ಮಕ್ಕಳಿಗೆ ಅನ್ನ ಕೊಡಬೇಕೆಂದು ಇಂಗ್ಲೆಂಡಿನ ಎಗ್ಲಂಟೈನ್ ಜೆಬ್ ಎಂಬ ಮಹಿಳೆ ಹೋರಾಡಿದರು. ಮಕ್ಕಳ ಹಕ್ಕುಗಳನ್ನು ಕುರಿತು ಅವರು ಸಿದ್ಧಪಡಿಸಿದ ಘೋಷಣೆಯನ್ನು 1924ರಲ್ಲಿ ಆಗಿನ ರಾಷ್ಟ್ರಸಂಘ ಅಂಗೀಕರಿಸಿತು. ಎರಡನೆಯ ಮಹಾಯುದ್ಧದ ಅನಂತರ, 1946ರ ಡಿಸೆಂಬರಿನಲ್ಲಿ, ವಿಶ್ವಸಂಸ್ಥೆಯ ಮಕ್ಕಳ ನಿಧಿ ಸ್ಥಾಪನೆಯಾಯಿತು. ಯೂನಿಸೆಫ್ ಎಂದು ಪ್ರಖ್ಯಾತವಾಗಿರುವುದು ಇದೇ. 1959ರಲ್ಲಿ ವಿಶ್ವಸಂಸ್ಥೆ ಮತ್ತೊಂದು ಘೋಷಣೆಯನ್ನು ಹೊರಡಿಸಿತು. 1979ನೆಯ ಇಸವಿಯನ್ನು ಜಗತ್ತಿನಾದ್ಯಂತ ಮಕ್ಕಳ ವರ್ಷವೆಂದು ಆಚರಿಸಲಾಯಿತು. ಪಡ್ರೆಯ ಕೊಟ್ಟಿಗೆಯಲ್ಲಿ ಆ ಕರುಗಳು ಹುಟ್ಟಿದ ಕಾಲವೂ ಅದೇ. ಶಾಲೆಗಳಲ್ಲಿ ಮಕ್ಕಳ ವರ್ಷದ ಮೆರವಣಿಗೆ ನಡೆಯುತ್ತಿದ್ದಾಗ ಗುಡ್ಡೆಯ ಮೇಲೆ ಹೆಲಿಕಾಪ್ಟರ್ ಹಾರುತ್ತಿತ್ತು. ಒಂದಕ್ಕೆ ಇನ್ನೊಂದರ ಸುಳಿವಿರಲಿಲ್ಲ.

ಘೋಷಣೆಗೂ ಒಡಂಬಡಿಕೆಗೂ ಅಂತರವಿದೆ. ಘೋಷಣೆ ಸದಾಶಯದ ಮಾತು. ಒಡಂಬಡಿಕೆಯಾದರೋ ಸಹಿಹಾಕಿ ಸ್ಥಿರೀಕರಿಸಿದ ದೇಶವನ್ನು ಕಟ್ಟಿಹಾಕುವ ಕರಾರು. 1989ರ ನವೆಂಬರ್ 20ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆ ಇಂಥ ಕರಾರು. ಐವತ್ತನಾಲ್ಕು ವಿಧಿಗಳ ಈ ಒಡಂಬಡಿಕೆಗೆ ಭಾರತ 1992ರ ಡಿಸೆಂಬರ್ 11ರಂದು ಸೇರಿತು. ಇಂದು 196 ಪಕ್ಷಗಳು ಅದಕ್ಕೆ ಬದ್ಧವಾಗಿವೆ. ಅಮೆರಿಕದ ಸಂಯುಕ್ತ ಸಂಸ್ಥಾನ ಸಹಿಮಾಡಿಯೂ ಇನ್ನೂ ಸ್ಥಿರೀಕರಿಸಿಲ್ಲ. ಗೇರುಗುಡ್ಡೆಯ ಕಥೆಯನ್ನು ತಿಳಿದವರು ಈ ಒಡಂಬಡಿಕೆಯ ಎರಡು ವಿಧಿಗಳನ್ನು ಓದಿದರೆ ಬೆರಗಾಗುತ್ತಾರೆ. ಇಪ್ಪತ್ತನಾಲ್ಕನೆಯ ವಿಧಿ ಮಗುವಿನ ಆರೋಗ್ಯವನ್ನು ಕುರಿತದ್ದು. ಪೌಷ್ಟಿಕ ಆಹಾರವನ್ನೂ ಶುದ್ಧವಾದ ಕುಡಿಯುವ ನೀರನ್ನೂ ಒದಗಿಸುವಾಗ ಪರಿಸರ ಮಾಲಿನ್ಯದ ಅಪಾಯಗಳನ್ನು ಗಮನದಲ್ಲಿರಿಸಿಕೊಳ್ಳಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಇಪ್ಪತ್ತಮೂರನೆಯದು ಅಂಗವಿಕಲ ಮಕ್ಕಳ ಹಕ್ಕನ್ನು ಕುರಿತದ್ದು. ಅಂಥ ಮಕ್ಕಳಿಗೆ ಘನತೆಯ ಬಾಳು, ವಿಶೇಷ ಆರೈಕೆ, ಶಿಕ್ಷಣ, ತರಬೇತಿ ದೊರೆಯಬೇಕು; ಚಿಕಿತ್ಸೆ, ಪುನರ್ವಸತಿಗಳ ವಿಷಯದಲ್ಲಿ ತಮಗೆ ತಿಳಿದುದನ್ನು ದೇಶಗಳು ಪರಸ್ಪರ ಹಂಚಿಕೊಳ್ಳಬೇಕು; ಮುಂದುವರಿಯುತ್ತಿರುವ ದೇಶಗಳ ಅಗತ್ಯಗಳಿಗೆ ವಿಶೇಷ ಗಮನ ಕೊಡಬೇಕು. ಭಾರತ ಈ ಮಾತುಗಳಿಗೆ ಒಪ್ಪಿಗೆ ನೀಡಿದ ಮೇಲೂ ಎಂಟು ವರ್ಷಗಳ ಕಾಲ ಗೇರುಗುಡ್ಡೆಗಳ ಮೇಲೆ ಸಿಂಪಡಣೆ ನಡೆದೇ ಇತ್ತು.

ಹಾಗಾದರೆ ಕಾಗದದ ಮೇಲಿನ ಹಕ್ಕು ಗುಡ್ಡೆಯನ್ನು ತಲಪಿದ್ದು ಯಾವ ದಾರಿಯಿಂದ? ವಿಷಗಳನ್ನು ಕುರಿತ ಇನ್ನೊಂದು ಒಡಂಬಡಿಕೆಯ ದಾರಿಯಿಂದ. ಕೆಲವು ರಾಸಾಯನಿಕಗಳು ಒಂದು ಕಡೆ ಸಿಂಪಡಿಸಿದರೆ ಅಲ್ಲೇ ಉಳಿಯುವುದಿಲ್ಲ. ಬಿಸಿಲಿನಲ್ಲಿ ಆವಿಯಾಗಿ, ಗಾಳಿಯೊಡನೆ ಸಾವಿರಾರು ಮೈಲಿ ಹಾರಿ, ಶೀತಪ್ರದೇಶಗಳಲ್ಲಿ ಮತ್ತೆ ನೆಲಕ್ಕಿಳಿಯುತ್ತವೆ. ಅಲ್ಲಿ ಮೀನು, ಮೀನು ತಿನ್ನುವ ಸೀಲ್, ಸೀಲನ್ನು ತಿನ್ನುವ ಮನುಷ್ಯ ಹೀಗೆ ಮೆಟ್ಟಿಲುಮೆಟ್ಟಿಲಾಗಿ ಅವುಗಳ ಪ್ರಮಾಣ ಏರುತ್ತ ಹೋಗುತ್ತದೆ. 1980ರ ದಶಕದಲ್ಲಿ ಕೆನಡದ ಉತ್ತರ ಭಾಗದ ಇನ್ಯುಯಿಟ್ ತಾಯಂದಿರ ಎದೆಹಾಲನ್ನು ಪರೀಕ್ಷಿಸಿದ ವಿಜ್ಞಾನಿಗಳು ದಿಗ್ಭ್ರಮೆಗೊಂಡರು. ಕಾರ್ಖಾನೆಗಳೇ ಇಲ್ಲದ ಆ ಹಿಮದ ನಾಡಿನ ತಾಯಂದಿರ ಹಾಲಿನಲ್ಲಿ, ನಗರದ ತಾಯಂದಿರ ಹಾಲಿನಲ್ಲಿರುವುದಕ್ಕಿಂತ ಹೆಚ್ಚು ಕೈಗಾರಿಕಾ ವಿಷವಿತ್ತು. ಗಾಳಿಗೆ ಗಡಿಯಿಲ್ಲವಾದ್ದರಿಂದ ಇದಕ್ಕೆ ಒಂದು ದೇಶದ ಕಾನೂನು ಸಾಲದು. ಎಲ್ಲ ದೇಶಗಳೂ ಕೂಡಿ 2001ರ ಮೇ ತಿಂಗಳಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಒಂದು ಒಡಂಬಡಿಕೆ ಮಾಡಿಕೊಂಡವು. ಅಳಿಯದೆ ಬಹುಕಾಲ ಉಳಿಯುವ ಸಾವಯವ ಮಾಲಿನ್ಯಕಾರಕಗಳನ್ನು ತೊಡೆದುಹಾಕುವುದು ಅದರ ಉದ್ದೇಶ. ಈ ವಿಷಗಳ ಪೆಟ್ಟು ಹೆಂಗಸರ ಮೇಲೆ, ಅವರ ಮೂಲಕ ಮುಂದಿನ ಪೀಳಿಗೆಗಳ ಮೇಲೆ ಬೀಳುತ್ತದೆಂಬ ಕಳವಳವನ್ನು ಅದರ ಪೀಠಿಕೆಯಲ್ಲೇ ಬರೆಯಲಾಗಿದೆ. 2004ರಲ್ಲಿ ಒಡಂಬಡಿಕೆ ಜಾರಿಗೆ ಬಂತು. 2006ರ ಜನವರಿಯಲ್ಲಿ ಭಾರತ ಅದನ್ನು ಸ್ಥಿರೀಕರಿಸಿತು.

ಮೊದಲ ಪಟ್ಟಿಯಲ್ಲಿದ್ದ ಹನ್ನೆರಡು ವಿಷಗಳಲ್ಲಿ ಎಂಡೋಸಲ್ಫಾನ್ ಇರಲಿಲ್ಲ. ಹೊಸ ವಸ್ತುವನ್ನು ಸೇರಿಸಬೇಕಾದರೆ ಯಾವುದಾದರೂ ಸದಸ್ಯಪಕ್ಷ ಸೂಚಿಸಬೇಕು. ಬೇರೆ ಬೇರೆ ದೇಶಗಳ ವಿಜ್ಞಾನಿಗಳ ಸಮಿತಿ ಅದನ್ನು ಹಂತಹಂತವಾಗಿ ಪರಿಶೀಲಿಸಬೇಕು. ವಸ್ತು ಪರಿಸರದಲ್ಲಿ ಎಷ್ಟು ಕಾಲ ಉಳಿಯುತ್ತದೆ, ಜೀವಿಗಳ ದೇಹದಲ್ಲಿ ಸೇರಿ ಹೆಚ್ಚುತ್ತದೆಯೇ, ದೂರ ಪಯಣಿಸುತ್ತದೆಯೇ, ಹಾನಿ ಮಾಡುತ್ತದೆಯೇ, ಅದಿಲ್ಲದೆ ಕೆಲಸ ಸಾಗೀತೇ, ಇವೆಲ್ಲ ಅಲ್ಲಿ ತೂಗಿ ನೋಡುವ ಪ್ರಶ್ನೆಗಳು. 2007ರಲ್ಲಿ ಐರೋಪ್ಯ ಒಕ್ಕೂಟ ಎಂಡೋಸಲ್ಫಾನನ್ನು ಸೂಚಿಸಿತು. ಆಗ ಈ ಕೀಟನಾಶಕವನ್ನು ಅತಿ ಹೆಚ್ಚು ತಯಾರಿಸುತ್ತಿದ್ದ ದೇಶ ಭಾರತವೇ. ಸೂಚನೆಯನ್ನು ಬಲವಾಗಿ ವಿರೋಧಿಸಿದ್ದೂ ಭಾರತವೇ. ಆ ವಿರೋಧವನ್ನು ಕೇವಲ ಹಟವೆಂದು ತಳ್ಳಿಹಾಕುವಂತಿಲ್ಲ. ಎಂಡೋಸಲ್ಫಾನ್ ಅಗ್ಗದ ಔಷಧಿ. ಹತ್ತಿ, ಭತ್ತ, ತರಕಾರಿ ಬೆಳೆಯುವ ಸಣ್ಣ ರೈತನ ಕೈಗೆ ಎಟಕುವಂಥದ್ದು. ಅದನ್ನು ತೆಗೆದರೆ ಶ್ರೀಮಂತ ದೇಶಗಳ ಕಂಪೆನಿಗಳು ಮಾರುವ ದುಬಾರಿ ಔಷಧಿಯನ್ನು ಅವನು ಕೊಳ್ಳಬೇಕಾದೀತೆಂಬ ವಾದದಲ್ಲಿ ಹುರುಳಿಲ್ಲದಿರಲಿಲ್ಲ. ಆದರೆ ಆ ವಾದದ ತಕ್ಕಡಿಯಲ್ಲಿ ಪಡ್ರೆಯ, ಕೊಕ್ಕಡದ ಮಕ್ಕಳನ್ನು ಇರಿಸಿದ್ದು ಕಾಣುವುದಿಲ್ಲ. ಅಷ್ಟು ಹೊತ್ತಿಗೆ ಅರುವತ್ತಕ್ಕೂ ಹೆಚ್ಚು ದೇಶಗಳು ಇದನ್ನು ಬಿಟ್ಟಿದ್ದವು. ಆಫ್ರಿಕದ ಬೆನಿನ್ ದೇಶದ ಹತ್ತಿ ಬೆಳೆಗಾರರ ಕುಟುಂಬಗಳಲ್ಲಿ 1999ರ ಸುಮಾರಿಗೆ ಇದೇ ವಿಷದಿಂದ ಸಾವುಗಳಾಗಿದ್ದವು. ಗೇರುನಾಡಿನ ಚಿತ್ರಗಳೂ ವರದಿಗಳೂ ಬೆನಿನ್ನಿನ ವರದಿಗಳೂ ಒಂದೇ ಮೇಜಿನ ಮೇಲೆ ಬಂದು ಸೇರಿದಾಗ, ಇದು ಒಂದು ಊರಿನ ದೂರಲ್ಲವೆಂಬುದು ಜಗತ್ತಿಗೆ ಮನವರಿಕೆಯಾಗತೊಡಗಿತು.

2011ರ ಏಪ್ರಿಲ್ ಕೊನೆಯ ವಾರ. ಜಿನೀವಾದಲ್ಲಿ ಒಡಂಬಡಿಕೆಯ ಪಕ್ಷಗಳ ಐದನೆಯ ಸಮ್ಮೇಳನ. ಅದು ಆರಂಭವಾದ 25ನೆಯ ತಾರೀಕಿನಂದು ಕೇರಳದ ಮುಖ್ಯಮಂತ್ರಿ ವಿ. ಎಸ್. ಅಚ್ಯುತಾನಂದನ್ ಅವರು ತಿರುವನಂತಪುರದಲ್ಲಿ ಉಪವಾಸ ಕುಳಿತರು. ವಾರದ ಕೊನೆಯಲ್ಲಿ ಎಲ್ಲ ದೇಶಗಳೂ ಒಮ್ಮತಕ್ಕೆ ಬಂದವು. ಎಂಡೋಸಲ್ಫಾನನ್ನು ಜಗತ್ತಿನಿಂದ ತೊಡೆದುಹಾಕಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಲಾಯಿತು. ಕೆಲವು ಬೆಳೆಗಳಿಗೆ ಮಾತ್ರ ಕೆಲವು ವರ್ಷಗಳ ವಿನಾಯಿತಿ ಉಳಿಯಿತು. ಬದಲಿ ವಿಧಾನಗಳನ್ನು ಕಂಡುಕೊಳ್ಳಲು ಬಡದೇಶಗಳಿಗೆ ನೆರವು ಬೇಕೆಂಬ ಭಾರತದ ಬೇಡಿಕೆಯೂ ಚರ್ಚೆಗೆ ಬಂದಿತ್ತು. ವಿನಾಯಿತಿಯ ಷರತ್ತಿನ ಮೇಲೆ ಭಾರತವೂ ಒಪ್ಪಿತು.

ಜಿನೀವಾದಲ್ಲಿ ಕೈಯೆತ್ತಿದ ಮಾತ್ರಕ್ಕೆ ಪುತ್ತೂರಿನ ಅಂಗಡಿಯಲ್ಲಿ ಔಷಧಿ ಮಾರಾಟ ನಿಲ್ಲುವುದಿಲ್ಲ. ಅದಕ್ಕೆ ದೇಶದೊಳಗಿನ ಕಾನೂನು ಬೇಕು. ಕರ್ನಾಟಕ ಸರಕಾರ ಅದೇ ವರ್ಷದ ಫೆಬ್ರವರಿಯಲ್ಲಿಯೇ ತನ್ನ ಮಟ್ಟಿಗೆ ನಿಷೇಧ ಹೊರಡಿಸಿತ್ತು. 2011ರ ಮೇ 13ರಂದು ಸುಪ್ರೀಂಕೋರ್ಟು ಮಧ್ಯಂತರ ಆದೇಶವನ್ನಿತ್ತು, ದೇಶದಾದ್ಯಂತ ಎಂಡೋಸಲ್ಫಾನಿನ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಲ್ಲಿಸಿತು. ಸಂವಿಧಾನದ ಇಪ್ಪತ್ತೊಂದನೆಯ ಅನುಚ್ಛೇದ ಕೊಡಮಾಡಿದ ಜೀವಿಸುವ ಹಕ್ಕು, ಮುನ್ನೆಚ್ಚರಿಕೆಯ ತತ್ತ್ವ, ಇವೆರಡನ್ನೂ ನ್ಯಾಯಾಲಯ ಆಧಾರವಾಗಿ ಹಿಡಿಯಿತು. ಹಾನಿಯಾಗುವುದು ಪೂರ್ಣವಾಗಿ ಸಿದ್ಧವಾಗುವ ತನಕ ಕಾಯಬೇಕಿಲ್ಲ, ತಿದ್ದಲಾರದ ಕೇಡಿನ ಶಂಕೆ ಬಲವಾಗಿದ್ದರೆ ಮೊದಲೇ ತಡೆಯಬೇಕು ಎಂಬುದೇ ಮುನ್ನೆಚ್ಚರಿಕೆಯ ತತ್ತ್ವ. ನಮ್ಮ ಹಿರಿಯರು ಮಕ್ಕಳನ್ನು ಬಾವಿಕಟ್ಟೆಯ ಬಳಿ ಆಡಗೊಡದಿರುವುದಕ್ಕೆ ಬೇರೆ ಯಾವ ಶಾಸ್ತ್ರವೂ ಬೇಕಾಗಿರಲಿಲ್ಲ.

ಕೀಟದ ಪ್ರಶ್ನೆ ಉಳಿಯಿತು. ಇಲ್ಲಿ ದೇಶದೇಶಗಳ ತಿಳಿವಳಿಕೆ ಒಂದಕ್ಕೊಂದು ಕೂಡಿದ ಬಗೆ ಸ್ವಾರಸ್ಯವಾಗಿದೆ. ಮರದ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪು ಇರುವೆಯನ್ನು ಈ ಸೀಮೆಯವರೆಲ್ಲ ಬಲ್ಲರು. ಚಗಳಿ ಎಂದು ಅದರ ಹೆಸರು. ಅದರ ಚಟ್ನಿಯ ರುಚಿ ಬಲ್ಲವರೂ ಇದ್ದಾರೆ, ಅದರ ಕಡಿತದ ಉರಿ ಬಲ್ಲವರು ಇನ್ನೂ ಹೆಚ್ಚು. ಚಗಳಿ ಇರುವ ಗೇರುಮರಕ್ಕೆ ಟೀ ಸೊಳ್ಳೆ ಅಷ್ಟಾಗಿ ಬಾರದೆಂಬುದನ್ನು ಆಸ್ಟ್ರೇಲಿಯದ ಉತ್ತರ ಭಾಗದ ಗೇರುತೋಪುಗಳಲ್ಲಿ ವಿಜ್ಞಾನಿಗಳು ಪ್ರಯೋಗಗಳಿಂದ ತೋರಿಸಿದರು. ಆಫ್ರಿಕದ ದೇಶಗಳಲ್ಲೂ ಅಂಥ ಪ್ರಯೋಗಗಳಾದವು. ಪುತ್ತೂರಿನಲ್ಲಿರುವ ಗೇರು ಸಂಶೋಧನಾ ನಿರ್ದೇಶನಾಲಯದವರೂ ಈ ಇರುವೆಯನ್ನು ಅಭ್ಯಸಿಸಿದ್ದಾರೆ. ಬೀಜ ಹೆಕ್ಕುವವರನ್ನೂ ಕಚ್ಚುತ್ತದೆ ಎಂಬುದೊಂದೇ ಅದರ ಮೇಲಿನ ದೂರು.

ವಿಷ ನಿಂತಿತು, ಆದರೆ ಅದಾಗಲೇ ಹೊಕ್ಕಿದ್ದ ಮನೆಗಳಲ್ಲಿ ಮಾಡಬೇಕಾದ ಕೆಲಸ ಉಳಿದಿತ್ತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆಗಳ ಜನ, ಪೆರಾಬೆಯ ನೆರೆಯ ಆಲಂಕಾರಿನ ಜನ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದರು, ಧರಣಿ ಕುಳಿತರು. 2010ರಲ್ಲಿ ಮೊದಲ ಬಾರಿಗೆ ಕರ್ನಾಟಕ ಸರಕಾರ ಕೆಲವು ಕುಟುಂಬಗಳಿಗೆ ಪರಿಹಾರಧನ ನೀಡಿತು. ಅನಂತರ ಹೈಕೋರ್ಟಿನ ಕಣ್ಣಿದಿರಿನಲ್ಲಿ ಸಮೀಕ್ಷೆಗಳು ನಡೆದು, ವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ಮಾಸಾಶನ ಗೊತ್ತಾಯಿತು. ಕೊಕ್ಕಡದಲ್ಲಿಯೂ ಕೊಯಿಲದಲ್ಲಿಯೂ ಬಾಧಿತರಿಗಾಗಿ ಹಗಲು ಪಾಲನಾ ಕೇಂದ್ರಗಳು ತೆರೆದವು. ಕಾಸರಗೋಡಿನಲ್ಲಿ ಪೆರ್ಲದಂಥ ಊರುಗಳಲ್ಲಿ ಬಡ್ಸ್ ಎಂಬ ಹೆಸರಿನ ವಿಶೇಷ ಶಾಲೆಗಳು ನಡೆದವು. ಹಗಲು ಕೇಂದ್ರವೆಂದರೆ ಬಹು ದೊಡ್ಡ ಸಂಗತಿಯೆಂದು ಹೊರಗಿನವರಿಗೆ ತೋರಲಿಕ್ಕಿಲ್ಲ. ಎದ್ದು ನಿಲ್ಲಲಾರದ ಮಗುವಿರುವ ಮನೆಯಲ್ಲಿ ತಾಯಿ ಕೂಲಿಗೆ ಹೋಗುವಂತಿಲ್ಲ, ನೆಂಟರ ಮನೆಗೆ ಹೋಗುವಂತಿಲ್ಲ, ಸ್ವಸ್ಥವಾಗಿ ಒಂದು ಊಟ ಮಾಡುವಂತಿಲ್ಲ. ದಿನಕ್ಕೆ ಆರೇಳು ಗಂಟೆಗಳ ಬಿಡುವೆಂದರೆ ಅವಳಿಗೆ ಒಂದು ಬದುಕೇ ಮರಳಿ ಸಿಕ್ಕಂತೆ.

ಆದೇಶ ಹೊರಟರೂ ಅದು ಮನೆಬಾಗಿಲಿಗೆ ಬರುವುದು ಎಷ್ಟು ಕಷ್ಟವೆಂಬುದಕ್ಕೆ ಗಡಿಯಾಚೆಯ ಒಂದು ಲೆಕ್ಕ ಸಾಕು. ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು 2017ರ ಜನವರಿ 10ರಂದು ಸುಪ್ರೀಂಕೋರ್ಟು ಕೇರಳ ಸರಕಾರಕ್ಕೆ ಆಜ್ಞೆ ಮಾಡಿತು. ಐದು ವರ್ಷಗಳು ಕಳೆದ ಮೇಲೆ, 2022ರ ಮೇ ತಿಂಗಳಲ್ಲಿ, ನ್ಯಾಯಾಲಯ ಮತ್ತೆ ಕಡತ ತೆರೆದು ನೋಡಿತು. ಪಟ್ಟಿಯಲ್ಲಿ 3,704 ಜನರಿದ್ದರು. ಅವರಲ್ಲಿ 102 ಮಂದಿ ಹಾಸಿಗೆ ಬಿಟ್ಟು ಏಳಲಾರದವರು, 326 ಮಂದಿ ಬುದ್ಧಿ ಬೆಳೆಯದವರು, 201 ಮಂದಿ ಅಂಗವಿಕಲರು, 119 ಮಂದಿ ಕ್ಯಾನ್ಸರ್ ಪೀಡಿತರು. ಹಣ ಸಂದಾಯವಾಗಿದ್ದುದು ಎಂಟು ಜನರಿಗೆ. ಆ ಎಂಟು ಮಂದಿಯೂ ನ್ಯಾಯಾಲಯದ ಬಾಗಿಲನ್ನು ತಟ್ಟಿದವರೇ. ಹಾಸಿಗೆಯಿಂದ ಏಳಲಾರದವರು ದೆಹಲಿಯ ತನಕ ಹೋಗಿ ಬಾಗಿಲು ತಟ್ಟಬೇಕೆಂದು ಕಾದು ಕುಳಿತ ಆಡಳಿತದ ಬಗ್ಗೆ ನ್ಯಾಯಾಧೀಶರು ಕಟುವಾಗಿ ನುಡಿದುದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ತೊಡಕನ್ನು ಒಡಂಬಡಿಕೆ ಬರೆದವರು ಬಹುಶಃ ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಮಕ್ಕಳ ಹಕ್ಕುಗಳ ಒಡಂಬಡಿಕೆಯ ಮೊದಲನೆಯ ವಿಧಿಯ ಪ್ರಕಾರ ಹದಿನೆಂಟು ತುಂಬದವರು ಮಕ್ಕಳು. ತುಂಬಿದ ಮರುದಿನ ಅವರು ಮಕ್ಕಳಲ್ಲ. ಉಳಿದವರ ಪಾಲಿಗೆ ಇದು ಸರಿಯಾದ ಗೆರೆ. ಗೇರುಗುಡ್ಡೆಯ ಕೆಳಗಿನ ಮನೆಗಳಲ್ಲಿ ಆ ಗೆರೆಗೆ ಅರ್ಥವಿಲ್ಲ. ಇಪ್ಪತ್ತಾದರೂ ಮೂವತ್ತಾದರೂ ತುತ್ತು ಕಲಸಿ ಬಾಯಿಗಿಡಬೇಕಾದವರು ಅಲ್ಲಿದ್ದಾರೆ. ವಿಶ್ವಸಂಸ್ಥೆ 2006ರ ಡಿಸೆಂಬರಿನಲ್ಲಿ ಅಂಗವಿಕಲರ ಹಕ್ಕುಗಳಿಗಾಗಿಯೇ ಬೇರೊಂದು ಒಡಂಬಡಿಕೆಯನ್ನು ಅಂಗೀಕರಿಸಿತು. 2007ರಲ್ಲಿ ಭಾರತ ಅದನ್ನು ಸ್ಥಿರೀಕರಿಸಿ, 2016ರಲ್ಲಿ ಅದಕ್ಕೆ ತಕ್ಕ ಕಾನೂನನ್ನು ಮಾಡಿತು. ಅದಕ್ಕೆ ವಯಸ್ಸಿನ ಗೆರೆಯಿಲ್ಲ. ಹಗಲು ಕೇಂದ್ರಗಳ ಜತೆಗೆ, ತಂದೆತಾಯಿಗಳು ಇಲ್ಲದ ಕಾಲದಲ್ಲಿಯೂ ಬಾಧಿತರನ್ನು ನೋಡಿಕೊಳ್ಳುವ ಶಾಶ್ವತ ಪುನರ್ವಸತಿ ಕೇಂದ್ರ ಬೇಕೆಂದು ಈ ಕುಟುಂಬಗಳು ಸರಕಾರವನ್ನು ಕೇಳುತ್ತ ಬಂದಿರುವುದು ಇದೇ ಕಾರಣಕ್ಕೆ. ಹೆಲಿಕಾಪ್ಟರ್ ಹಾರುತ್ತಿದ್ದ 1985ರ ಸುಮಾರಿಗೆ ಹುಟ್ಟಿದ ಕೂಸಿಗೆ ಈಗ ನಲುವತ್ತು ವರ್ಷ. ಅಂದು ಇಪ್ಪತ್ತೈದರ ಹರೆಯದಲ್ಲಿದ್ದ ತಾಯಿಗೆ ಅರುವತ್ತೈದು. ಬೆಳಗಿನ ಬಿಸಿಲಿಗೆ ಮಗನನ್ನು ಚಾವಡಿಯಿಂದ ಅಂಗಳಕ್ಕೆ ಎತ್ತಿ ತರುವ ಕೆಲಸ ಇಂದಿಗೂ ಅವಳದೇ.